ಹಳೇ ಲ್ಯಾಪ್‌ಟಾಪ್‌ನಲ್ಲಿ ಹೊಸ ಗೇಮ್: ಗ್ರಾಫಿಕ್ಸ್ ಪರೀಕ್ಷೆ ಮಾಡುವುದು ಹೇಗೆ?

ನಿಮ್ಮ ಲ್ಯಾಪ್‌ಟಾಪ್‌ಗೆ ಏಳೆಂಟು ವರ್ಷ ಆಗಿದೆ. ಒಳಗೆ ಎನ್‌ವಿಡಿಯಾ ಕಂಪನಿಯ ಜಿಟಿಎಕ್ಸ್ 1050 ಟಿಐ ಅಥವಾ 1060 ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್, ಇದೆ. ಹೊಸ ಗೇಮ್ ಒಂದರ ಮೇಲೆ ಕಣ್ಣು ಬಿದ್ದಿದೆ. ಓಡುತ್ತಾ, ಇಲ್ವಾ? ಅದೇ ಜಿಪಿಯುನಲ್ಲಿ ಓಡಿಸಿದ ವಿಡಿಯೊಗಳು ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ಅಲ್ಲಿ ಕಾಣುವುದು ಬೇರೆಯವರ ಲ್ಯಾಪ್‌ಟಾಪ್, ಎಷ್ಟೋ ಸಲ ಡೆಸ್ಕ್‌ಟಾಪ್. ಜಿಪಿಯು ಒಂದೇ ಆದರೂ ಎರಡು ಲ್ಯಾಪ್‌ಟಾಪ್‌ಗಳು ಒಂದೇ ಥರ ಓಡುವುದಿಲ್ಲ. ಒಂದರಲ್ಲಿ ರ‍್ಯಾಮ್ ಒಂದೇ ಸ್ಟಿಕ್‌ನಲ್ಲಿರುತ್ತದೆ, ಇನ್ನೊಂದರಲ್ಲಿ ಎರಡು ಸ್ಟಿಕ್ ಇರುತ್ತವೆ. ಒಂದರ ಹೀಟ್‌ಸಿಂಕ್ ದಪ್ಪ, ಇನ್ನೊಂದರದ್ದು ತೆಳು. ವರ್ಷ ಕಳೆದಂತೆ ಧೂಳು, ಒಣಗಿದ ಥರ್ಮಲ್ ಪೇಸ್ಟ್, ಸೋತ ಬ್ಯಾಟರಿ ಎಲ್ಲ ಸೇರಿ ವ್ಯತ್ಯಾಸ ಇನ್ನೂ ಜಾಸ್ತಿ ಆಗುತ್ತದೆ. ಹಾಗಾಗಿ ನಿಮ್ಮ ಲ್ಯಾಪ್‌ಟಾಪ್ ಅನ್ನು ನೀವೇ ಪರೀಕ್ಷೆ ಮಾಡಬೇಕು.

ಸಾಮಾನ್ಯವಾಗಿ ಏನು ಮಾಡುತ್ತೇವೆ? ಗೇಮ್ ಹಾಕುತ್ತೇವೆ, ಎರಡು ನಿಮಿಷ ಓಡಾಡುತ್ತೇವೆ, ಮೂಲೆಯಲ್ಲಿ ಕಾಣುವ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತಿದೆ ಅನ್ನುವ ಅಂಕಿ) ನೋಡಿ "ನಲವತ್ತು ಬರ್ತಿದೆ, ಪರವಾಗಿಲ್ಲ" ಅಂದುಕೊಳ್ಳುತ್ತೇವೆ. ಎರಡು ನಿಮಿಷದಲ್ಲಿ ಲ್ಯಾಪ್‌ಟಾಪ್ ಸರಿಯಾಗಿ ಬಿಸಿಯೂ ಆಗಿರುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಎಫ್‌ಪಿಎಸ್ ಕಡಿಮೆ ಬಂದರೆ ಯಾಕೆ ಕಡಿಮೆ ಬಂತು ಅನ್ನೋದು ಆ ಒಂದು ಅಂಕಿಯಿಂದ ಗೊತ್ತಾಗುವುದಿಲ್ಲ. ಜಿಪಿಯು ಸಾಲದಾಯಿತೋ, ಸಿಪಿಯು (ಮುಖ್ಯ ಪ್ರೊಸೆಸರ್) ಸಾಲದಾಯಿತೋ, ಜಿಪಿಯುನ ಸ್ವಂತ ವಿಡಿಯೊ ಮೆಮೊರಿ ತುಂಬಿತೋ, ಬಿಸಿ ತಾಳದೆ ವೇಗ ಇಳಿಯಿತೋ? ನಾಲ್ಕಕ್ಕೂ ಮದ್ದು ಬೇರೆ ಬೇರೆ. ಲ್ಯಾಪ್‌ಟಾಪ್ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ ಅಂತ ಕಂಡುಹಿಡಿಯುವುದೇ ಈ ಪರೀಕ್ಷೆಯ ಉದ್ದೇಶ.

ಹಂತ 1: ಗೇಮ್ ಶುರುವಾದರೂ ಆಗುತ್ತಾ, ಮೊದಲು ನೋಡಿ

ಕೆಲವು ಹೊಸ ಗೇಮ್‌ಗಳು ಹಳೇ ಜಿಪಿಯುನಲ್ಲಿ ನಿಧಾನಕ್ಕೂ ಓಡುವುದಿಲ್ಲ, ಶುರುವಾಗುವುದೇ ಇಲ್ಲ. 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್, 2025ರ ಮೇ ತಿಂಗಳಲ್ಲಿ ಬಂದ ಡೂಮ್: ದ ಡಾರ್ಕ್ ಏಜಸ್, ಇವೆರಡಕ್ಕೂ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕಿ ಚಿತ್ರ ಬರೆಯುವ ವಿಧಾನ) ಹಾರ್ಡ್‌ವೇರ್ ಇರುವ ಜಿಪಿಯು ಬೇಕೇ ಬೇಕು. ಜಿಟಿಎಕ್ಸ್ ಕಾರ್ಡುಗಳಲ್ಲಿ ಅದು ಇಲ್ಲ. ಸೆಟ್ಟಿಂಗ್ ಎಷ್ಟು ಇಳಿಸಿದರೂ ಲಾಭವಿಲ್ಲ. 2023ರ ಅಲನ್ ವೇಕ್ 2, ವಸ್ತುಗಳ ಆಕಾರವನ್ನು ಜಿಪಿಯುನಲ್ಲೇ ಕಟ್ಟುವ ಮೆಶ್ ಶೇಡರ್ ಅನ್ನುವ ಹೊಸ ಸೌಲಭ್ಯವನ್ನು ನೆಚ್ಚಿಕೊಂಡು ಮಾಡಿದ ಗೇಮ್. ಜಿಟಿಎಕ್ಸ್ 10 ಸರಣಿಯಲ್ಲಿ ಆ ಸೌಲಭ್ಯ ಇಲ್ಲದ್ದರಿಂದ ಬಿಡುಗಡೆಯ ಹೊತ್ತಿಗೆ ತೀರಾ ಕೆಟ್ಟದಾಗಿ ಓಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಬಂದ ಅಪ್‌ಡೇಟ್ ಆದ ಮೇಲೆ ಅದೇ ಕಾರ್ಡುಗಳಲ್ಲಿ ಎಷ್ಟೋ ಸುಧಾರಿಸಿತು. ಹಾಗಾಗಿ ವರ್ಷದ ಹಿಂದಿನ ಅಭಿಪ್ರಾಯ ಓದಿ ಕೈಬಿಡಬೇಡಿ, ಗೇಮ್‌ನ ಈಗಿನ ಆವೃತ್ತಿಯ ಬಗ್ಗೆ ಹುಡುಕಿ.

ನಿಮ್ಮ ಜಿಪಿಯುಗೆ ಏನೇನು ಬರುತ್ತದೆ ಅಂತ ತಿಳಿಯುವುದು ಸುಲಭ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಡಿಎಕ್ಸ್‌ಡಯಾಗ್ (dxdiag) ಅಂತ ಟೈಪ್ ಮಾಡಿ ಎಂಟರ್ ಒತ್ತಿ. ತೆರೆಯುವ ಕಿಟಕಿಯಲ್ಲಿ ಡಿಸ್‌ಪ್ಲೇ ಅನ್ನುವ ಟ್ಯಾಬ್ ಇರುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಅದು ಹೆಚ್ಚಾಗಿ ಸಿಪಿಯು ಒಳಗೇ ಇರುವ ಇಂಟೆಲ್ ಗ್ರಾಫಿಕ್ಸ್‌ನ ವಿವರ ಕೊಡುತ್ತದೆ. ನಿಮಗೆ ಬೇಕಾದ ಜಿಪಿಯು ಪಕ್ಕದ ರೆಂಡರ್ ಟ್ಯಾಬ್‌ನಲ್ಲಿರುತ್ತದೆ. ಅಲ್ಲಿ ಫೀಚರ್ ಲೆವೆಲ್ಸ್ ಸಾಲಿನಲ್ಲಿ 12_2 ಇದ್ದರೆ ರೇ ಟ್ರೇಸಿಂಗ್, ಮೆಶ್ ಶೇಡರ್ ಎರಡೂ ಇವೆ. 12_1ಕ್ಕೇ ನಿಂತಿದ್ದರೆ ರೇ ಟ್ರೇಸಿಂಗ್ ಕಡ್ಡಾಯ ಇರುವ ಗೇಮ್‌ಗಳನ್ನು ಪಟ್ಟಿಯಿಂದ ಈಗಲೇ ತೆಗೆಯಿರಿ. ಜಿಟಿಎಕ್ಸ್ 1650, 1660 ಕೂಡ 12_1 ಅಂತಲೇ ತೋರಿಸುತ್ತವೆ, ಆದರೆ ಮೆಶ್ ಶೇಡರ್ ಅವುಗಳಲ್ಲಿ ಇದೆ.

ಡ್ರೈವರ್ ವಿಷಯ ಗೊತ್ತಿರಲಿ. ಎನ್‌ವಿಡಿಯಾ ಕಂಪನಿ 900 ಮತ್ತು 10 ಸರಣಿಯ ಜಿಟಿಎಕ್ಸ್ ಕಾರ್ಡುಗಳಿಗೆ ಹೊಸ ಗೇಮ್‌ಗಳಿಗೆಂದೇ ಕೊಡುವ ಡ್ರೈವರ್‌ಗಳನ್ನು 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ. ಅಲ್ಲಿಂದ 2028ರ ಅಕ್ಟೋಬರ್‌ವರೆಗೆ ಸುರಕ್ಷತೆಯ ಅಪ್‌ಡೇಟ್ ಮಾತ್ರ. ಅಂದರೆ ಇನ್ನು ಮುಂದೆ ಬರುವ ಗೇಮ್‌ಗಳಲ್ಲಿ ದೋಷ ಕಂಡರೆ ಡ್ರೈವರ್ ಕಡೆಯಿಂದ ಪರಿಹಾರ ಬರುವ ನಿರೀಕ್ಷೆ ಕಡಿಮೆ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ರಂದು ಮಾಮೂಲಿ ಬೆಂಬಲ ಮುಗಿದಿದೆ.

ಹಂತ 2: ಲ್ಯಾಪ್‌ಟಾಪ್ ಅನ್ನು ಪರೀಕ್ಷೆಗೆ ಸಿದ್ಧ ಮಾಡಿ

ಮೊದಲು ಲ್ಯಾಪ್‌ಟಾಪ್ ಮುಚ್ಚಿ ತಿರುಗಿಸಿ ನೋಡಿ. ಕೆಳಗಿನ ಕವರ್ ಉಬ್ಬಿದೆಯಾ? ಟಚ್‌ಪ್ಯಾಡ್ ಮೇಲಕ್ಕೆ ಎದ್ದಿದೆಯಾ? ಮೇಜಿನ ಮೇಲಿಟ್ಟರೆ ಅಲ್ಲಾಡುತ್ತದೆಯಾ? ಇವು ಬ್ಯಾಟರಿ ಊದಿರುವ ಲಕ್ಷಣಗಳು. ಹಾಗಿದ್ದರೆ ಪರೀಕ್ಷೆ ಇಲ್ಲಿಗೇ ನಿಲ್ಲಿಸಿ. ಊದಿದ ಲಿಥಿಯಂ ಬ್ಯಾಟರಿ ಇರುವ ಯಂತ್ರವನ್ನು ಬಿಸಿ ಮಾಡುವುದು ಅಪಾಯ. ಚಾರ್ಜರ್ ತೆಗೆದು, ರಿಪೇರಿ ಗೊತ್ತಿರುವವರ ಕೈಯಲ್ಲಿ ಬ್ಯಾಟರಿ ಬದಲಿಸಿದ ಮೇಲೆಯೇ ಮುಂದಿನ ಮಾತು.

ಬ್ಯಾಟರಿ ಸರಿ ಇದ್ದರೆ ಚಾರ್ಜರ್ ಹಾಕಿಯೇ ಪರೀಕ್ಷೆ ಮಾಡಿ. ಬ್ಯಾಟರಿ ಮೇಲೆ ಓಡಿಸಿದರೆ ಜಿಪಿಯು ತನ್ನ ಪೂರ್ತಿ ವೇಗಕ್ಕೆ ಹೋಗುವುದೇ ಇಲ್ಲ. ಚಾರ್ಜರ್ ಲ್ಯಾಪ್‌ಟಾಪ್ ಜೊತೆ ಬಂದದ್ದೇ ಆಗಿರಲಿ, ಇಲ್ಲವೇ ಅಷ್ಟೇ ವ್ಯಾಟ್‌ನದ್ದಾಗಿರಲಿ. 135 ವ್ಯಾಟ್ ಬೇಕಾದ ಕಡೆ 90 ವ್ಯಾಟ್‌ನದ್ದು ಹಾಕಿದರೆ ಎಷ್ಟೋ ಲ್ಯಾಪ್‌ಟಾಪ್‌ಗಳು ತಾವಾಗೇ ವೇಗ ಇಳಿಸಿಕೊಳ್ಳುತ್ತವೆ. ನೀವು ಸುಮ್ನೆ ಗ್ರಾಫಿಕ್ಸ್ ಕಾರ್ಡನ್ನು ಬೈಯುತ್ತಾ ಕೂರಬೇಕಾಗುತ್ತದೆ.

ಲ್ಯಾಪ್‌ಟಾಪ್ ಕಂಪನಿಯ ಸ್ವಂತ ಆ್ಯಪ್ ಇದ್ದರೆ ಅದರಲ್ಲಿ ಪರ್ಫಾರ್ಮೆನ್ಸ್ ಮೋಡ್ ಆರಿಸಿ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಡಿಸ್‌ಪ್ಲೇ, ಗ್ರಾಫಿಕ್ಸ್ ಅಂತ ಹೋಗಿ ಗೇಮ್ ಅನ್ನು ಸೇರಿಸಿ, ಹೈ ಪರ್ಫಾರ್ಮೆನ್ಸ್ ಆರಿಸಿ. ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಗೇಮ್ ಒಮ್ಮೊಮ್ಮೆ ದೊಡ್ಡ ಜಿಪಿಯು ಬಿಟ್ಟು ಇಂಟೆಲ್ ಗ್ರಾಫಿಕ್ಸ್ ಮೇಲೆ ಓಡುತ್ತಿರುತ್ತದೆ. ಗೇಮ್ ನಡೆಯುವಾಗ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಟ್ಯಾಬ್ ನೋಡಿ. ಜಿಪಿಯು 0, ಜಿಪಿಯು 1 ಅಂತ ಎರಡು ಇರುತ್ತವೆ. ಯಾವುದರ ಗ್ರಾಫ್ ಮೇಲಕ್ಕೆ ಹೋಗಿದೆಯೋ ಕೆಲಸ ಮಾಡುತ್ತಿರುವುದು ಅದು.

ಅದೇ ಜಾಗದಲ್ಲಿ ಮೆಮೊರಿ ಪುಟವನ್ನೂ ತೆರೆಯಿರಿ. ಎಷ್ಟು ಸ್ಲಾಟ್‌ಗಳಲ್ಲಿ ರ‍್ಯಾಮ್ ಕೂತಿದೆ ಅಂತ ಅಲ್ಲಿ ಗೊತ್ತಾಗುತ್ತದೆ. ಎರಡರಲ್ಲಿ ಒಂದೇ ತುಂಬಿದ್ದರೆ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಉಳಿದದ್ದು ಚಿಕ್ಕಪುಟ್ಟ ಕೆಲಸ. ವಿಂಡೋಸ್ ಅಪ್‌ಡೇಟ್ ಮುಗಿಸಿ, ರೀಸ್ಟಾರ್ಟ್ ಮಾಡಿ, ಬ್ರೌಸರ್ ಮುಚ್ಚಿ, ಬೇರೆ ಡೌನ್‌ಲೋಡ್ ನಿಲ್ಲಿಸಿ. ಲ್ಯಾಪ್‌ಟಾಪ್ ಗಟ್ಟಿ ಮೇಜಿನ ಮೇಲಿರಲಿ, ಹಾಸಿಗೆ ಮೇಲೆ ಬೇಡ. ಗೇಮ್ ಅನ್ನು ಎಸ್‌ಎಸ್‌ಡಿ ಮೇಲೆ ಹಾಕಿ. ಸೈಬರ್‌ಪಂಕ್ 2077 ತನ್ನ 2.0 ಆವೃತ್ತಿಯಿಂದ, ಅಂದರೆ 2023ರಿಂದ, ಕನಿಷ್ಠ ಅಗತ್ಯದಲ್ಲೇ ಎಸ್‌ಎಸ್‌ಡಿ ಕೇಳುತ್ತದೆ. ಹಾರ್ಡ್‌ಡಿಸ್ಕ್‌ನಿಂದ ಓಡಿಸಿ ಬರುವ ಜರ್ಕ್‌ಗಳನ್ನು ಜಿಪಿಯು ತಲೆಗೆ ಕಟ್ಟುವುದು ಸರಿಯಲ್ಲ.

ಹಂತ 3: ಅಳೆಯುವ ಸಾಧನಗಳು

ಎಂಎಸ್‌ಐ ಆಫ್ಟರ್‌ಬರ್ನರ್ ಮತ್ತು ಅದರ ಜೊತೆಗೇ ಬರುವ ರಿವಾಟ್ಯೂನರ್ ಎರಡೂ ಉಚಿತ, ಹಳೇ ಲ್ಯಾಪ್‌ಟಾಪ್‌ಗೆ ಭಾರವೂ ಅಲ್ಲ. ಎಂಎಸ್‌ಐ ಕಂಪನಿಯ ಸೈಟ್‌ನಿಂದಲೇ ಇಳಿಸಿಕೊಳ್ಳಿ. ಇದರ ಹೆಸರಿನಲ್ಲಿ ವೈರಸ್ ಹಂಚುವ ನಕಲಿ ಸೈಟ್‌ಗಳು ಹಿಂದೆ ಬಂದಿದ್ದವು. ಲಿನಕ್ಸ್ ಬಳಸುವವರಿಗೆ ಮ್ಯಾಂಗೋಹಡ್ ಇದೇ ಕೆಲಸ ಮಾಡುತ್ತದೆ.

ಆಫ್ಟರ್‌ಬರ್ನರ್ ಸೆಟ್ಟಿಂಗ್ಸ್‌ನ ಮಾನಿಟರಿಂಗ್ ಟ್ಯಾಬ್‌ನಲ್ಲಿ ಇಷ್ಟನ್ನು ಪರದೆ ಮೇಲೆ ಬರುವಂತೆ ಮಾಡಿ: ಜಿಪಿಯು ಬಳಕೆ, ಜಿಪಿಯು ಕ್ಲಾಕ್ (ಚಿಪ್ ಓಡುತ್ತಿರುವ ವೇಗ), ಜಿಪಿಯು ತಾಪಮಾನ, ವಿಡಿಯೊ ಮೆಮೊರಿ, ಸಿಪಿಯುನ ಪ್ರತಿ ಕೋರ್‌ನ ಬಳಕೆ, ಸಿಪಿಯು ಕ್ಲಾಕ್, ಸಿಪಿಯು ತಾಪಮಾನ, ರ‍್ಯಾಮ್, ಎಫ್‌ಪಿಎಸ್. ಕೊನೆಯದಾಗಿ ಫ್ರೇಮ್‌ಟೈಮ್. ಅದನ್ನು ಅಂಕಿಯಾಗಿ ಬಿಡಬೇಡಿ, ಗ್ರಾಫ್ ಆಗಿ ಹಾಕಿ.

ಫ್ರೇಮ್‌ಟೈಮ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಒಂದು ಚಿತ್ರ ತಯಾರಾಗಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅನ್ನುವ ಲೆಕ್ಕ ಅದು. 60 ಎಫ್‌ಪಿಎಸ್ ಅಂದರೆ ಪ್ರತಿ ಚಿತ್ರಕ್ಕೆ 16.7 ಮಿಲಿಸೆಕೆಂಡ್. 30 ಎಫ್‌ಪಿಎಸ್ ಅಂದರೆ 33.3. ಈಗ ಒಂದೇ ಒಂದು ಸೆಕೆಂಡ್ ತೆಗೆದುಕೊಳ್ಳಿ. ಅದರಲ್ಲಿ 50 ಚಿತ್ರಗಳು ತಲಾ 16 ಮಿಲಿಸೆಕೆಂಡಿನಲ್ಲಿ ಬಂದವು, ಒಟ್ಟು 800 ಮಿಲಿಸೆಕೆಂಡ್. 51ನೇ ಚಿತ್ರ ಒಂದೇ 200 ಮಿಲಿಸೆಕೆಂಡ್ ತಿಂದಿತು. ಮೂಲೆಯಲ್ಲಿರುವ ಅಂಕಿ 51 ಎಫ್‌ಪಿಎಸ್ ಅನ್ನುತ್ತದೆ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಆ ಸೆಕೆಂಡಿನ ಐದನೇ ಒಂದು ಭಾಗ ಪರದೆ ಕಲ್ಲಿನಂತೆ ನಿಂತಿತ್ತು. ಕಾರು ತಿರುಗಿಸುವಾಗಲೋ ಗುರಿ ಇಡುವಾಗಲೋ ಹೀಗಾದರೆ ಆಟ ಕೆಟ್ಟಿತು. ಎಫ್‌ಪಿಎಸ್ ಅಂಕಿ ಇದನ್ನು ಮುಚ್ಚಿಡುತ್ತದೆ. ಫ್ರೇಮ್‌ಟೈಮ್ ಗ್ರಾಫ್‌ನಲ್ಲಿ ಚಪ್ಪಟೆಯಾಗಿ ಹೋಗುತ್ತಿದ್ದ ಗೆರೆ ಒಮ್ಮೆಲೇ ಸೂಜಿಯ ಥರ ಮೇಲಕ್ಕೆ ಎದ್ದು ಮತ್ತೆ ಕೆಳಗಿಳಿಯುತ್ತದೆ. 35 ಎಫ್‌ಪಿಎಸ್‌ನಲ್ಲಿ ಚಪ್ಪಟೆಯಾಗಿರುವ ಗೆರೆ, 55 ಎಫ್‌ಪಿಎಸ್‌ನಲ್ಲಿ ಸೂಜಿಗಳಿಂದ ತುಂಬಿದ ಗೆರೆಗಿಂತ ಎಷ್ಟೋ ಮೇಲು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇದನ್ನು ಅಂಕಿಯಲ್ಲಿ ಹಿಡಿಯಲು 1% ಲೋ ಅನ್ನುತ್ತಾರೆ. ಅತಿ ನಿಧಾನವಾಗಿ ಬಂದ ಶೇಕಡಾ ಒಂದರಷ್ಟು ಚಿತ್ರಗಳ ಲೆಕ್ಕ ಅದು. ಕ್ಯಾಪ್‌ಫ್ರೇಮ್‌ಎಕ್ಸ್ ಅನ್ನುವ ಉಚಿತ ಸಾಧನ ಒಂದು ಕೀ ಒತ್ತಿದರೆ ರೆಕಾರ್ಡ್ ಮಾಡಿ ಸರಾಸರಿ, 1% ಲೋ ಎರಡನ್ನೂ ಕೊಡುತ್ತದೆ. ಈ ಲೆಕ್ಕ ಹಾಕುವ ರೀತಿ ಸಾಧನದಿಂದ ಸಾಧನಕ್ಕೆ ಬೇರೆ. ಹಾಗಾಗಿ ಎಲ್ಲ ಪರೀಕ್ಷೆಗೂ ಒಂದೇ ಸಾಧನ ಬಳಸಿ. ಚೀಟಿಂಗ್ ತಡೆಯುವ ವ್ಯವಸ್ಥೆ ಇರುವ ಆನ್‌ಲೈನ್ ಗೇಮ್‌ಗಳಲ್ಲಿ ಹೀಗೆ ಆಟದ ಮೇಲೆ ಅಂಕಿ ತೋರಿಸುವ ಓವರ್‌ಲೇಗಳಿಂದ ತೊಂದರೆ ಆಗುವುದುಂಟು. ಅಲ್ಲಿ ಗೇಮ್‌ನದ್ದೇ ಎಫ್‌ಪಿಎಸ್ ಮೀಟರ್ ಸಾಕು.

ಹಂತ 4: ಯಾವ ಗೇಮ್‌ನಲ್ಲಿ ಪರೀಕ್ಷಿಸಬೇಕು?

ದುಡ್ಡು ಕೊಡದೆ ಶುರು ಮಾಡಬಹುದು. ಬ್ಲ್ಯಾಕ್ ಮಿತ್: ವುಕಾಂಗ್ ಮತ್ತು ಮಾನ್ಸ್ಟರ್ ಹಂಟರ್ ವೈಲ್ಡ್ಸ್ ಎರಡಕ್ಕೂ ಗೇಮ್ ಮಾರುವ ಸ್ಟೀಮ್‌ನಲ್ಲಿ ಪ್ರತ್ಯೇಕ ಬೆಂಚ್‌ಮಾರ್ಕ್ (ಪ್ರತಿ ಸಲ ಒಂದೇ ದೃಶ್ಯ ಓಡಿಸಿ ವೇಗ ಅಳೆಯುವ ಪ್ರೋಗ್ರಾಂ) ಉಚಿತವಾಗಿ ಸಿಗುತ್ತದೆ. ಎರಡೂ ನಿಜವಾಗಿ ಭಾರದ ಗೇಮ್‌ಗಳು. ವುಕಾಂಗ್‌ನ ಕನಿಷ್ಠ ಅಗತ್ಯವೇ 6 ಜಿಬಿಯ ಜಿಟಿಎಕ್ಸ್ 1060 ಮತ್ತು 16 ಜಿಬಿ ರ‍್ಯಾಮ್. 4 ಜಿಬಿ ವಿಡಿಯೊ ಮೆಮೊರಿಯವರು ಇವನ್ನು ಓಡಿಸಿದರೆ ತಮ್ಮ ಯಂತ್ರದ ಗಡಿ ಎಲ್ಲಿದೆ ಅಂತ ಕೂಡಲೇ ತಿಳಿಯುತ್ತದೆ.

ಸೈಬರ್‌ಪಂಕ್ 2077, ರೆಡ್ ಡೆಡ್ ರಿಡೆಂಪ್ಷನ್ 2, ಫೋರ್ಜಾ ಹೊರೈಜನ್ 5 ಇವುಗಳಲ್ಲಿ ಸೆಟ್ಟಿಂಗ್ಸ್ ಒಳಗೇ ಬೆಂಚ್‌ಮಾರ್ಕ್ ಇದೆ. 2018ರ ಶ್ಯಾಡೋ ಆಫ್ ದ ಟೂಂಬ್ ರೈಡರ್ ಈಗ ಹಳತಾದರೂ ನಾನು ಅದನ್ನು ಬಿಡುವುದಿಲ್ಲ. ಅದರ ಬೆಂಚ್‌ಮಾರ್ಕ್ ಮುಗಿದಾಗ ಸಿಪಿಯು ಎಷ್ಟು ಕೊಟ್ಟಿತು, ಜಿಪಿಯು ಎಷ್ಟು ಕೊಟ್ಟಿತು, ಎಷ್ಟು ಭಾಗ ಜಿಪಿಯುಗಾಗಿ ಕಾಯಬೇಕಾಯಿತು ಅಂತ ಬೇರೆ ಬೇರೆಯಾಗಿ ತೋರಿಸುತ್ತದೆ. ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅನ್ನುವ ಪ್ರಶ್ನೆಗೆ ಇಷ್ಟು ನೇರವಾಗಿ ಉತ್ತರ ಕೊಡುವ ಗೇಮ್‌ಗಳು ಕಡಿಮೆ.

ಆದರೆ ಬೆಂಚ್‌ಮಾರ್ಕ್ ಒಂದನ್ನೇ ನಂಬಬೇಡಿ. ಸೈಬರ್‌ಪಂಕ್‌ನ ಬೆಂಚ್‌ಮಾರ್ಕ್ ಚೆನ್ನಾಗಿ ಓಡಿದ ಲ್ಯಾಪ್‌ಟಾಪ್, ಆ ಗೇಮ್‌ನ ಫ್ಯಾಂಟಮ್ ಲಿಬರ್ಟಿ ವಿಸ್ತರಣೆಯ ಡಾಗ್‌ಟೌನ್ ಪ್ರದೇಶದಲ್ಲಿ ಏದುಸಿರು ಬಿಡಬಹುದು. ಅಲ್ಲಿ ಸಿಪಿಯು ಮೇಲೆ ಹೊರೆ ಜಾಸ್ತಿ. ಹಾಗಾಗಿ ಬೆಂಚ್‌ಮಾರ್ಕ್ ಆದ ಮೇಲೆ ನೀವು ನಿಜವಾಗಿ ಆಡಲು ಬಯಸುವ ಗೇಮ್‌ನಲ್ಲೇ ಜನ ತುಂಬಿದ ಜಾಗ ಒಂದನ್ನು ಹುಡುಕಿ, ಅಲ್ಲಿ ಸೇವ್ ಮಾಡಿ. ಪ್ರತಿ ಸಲ ಅದೇ ಸೇವ್ ತೆರೆದು, ಅದೇ ದಾರಿಯಲ್ಲಿ ಒಂದು ನಿಮಿಷ ನಡೆಯಿರಿ.

ಫರ್‌ಮಾರ್ಕ್ ಥರದ ಒತ್ತಡ ಪರೀಕ್ಷೆ ಬೇಡ. ಯಾವ ಗೇಮ್ ಕೂಡ ಹಾಕದಷ್ಟು ಹೊರೆಯನ್ನು ಅದು ಒಂದೇ ಸಮ ಹಾಕುತ್ತದೆ. ವಯಸ್ಸಾದ ಲ್ಯಾಪ್‌ಟಾಪ್‌ನ ವಿದ್ಯುತ್ ಭಾಗಗಳಿಗೆ ಆ ಶಿಕ್ಷೆ ಯಾಕೆ?

ಹಂತ 5: ಓಡಿಸಿ, ಬರೆದಿಡಿ

ಸೆಟ್ಟಿಂಗ್‌ನಿಂದ ಶುರು ಮಾಡೋಣ. ಪರದೆಯ ಪೂರ್ತಿ ರೆಸಲ್ಯೂಷನ್, ಅಂದರೆ ಸಾಮಾನ್ಯವಾಗಿ 1920×1080. ಪ್ರೀಸೆಟ್ (ಗೇಮ್ ಕೊಡುವ ಸಿದ್ಧ ಸೆಟ್ಟಿಂಗ್) ಮೀಡಿಯಂ. ಎಫ್‌ಪಿಎಸ್ ಅನ್ನು ಪರದೆಯ ವೇಗಕ್ಕೆ ಕಟ್ಟಿಹಾಕುವ ವಿ-ಸಿಂಕ್ ಆಫ್. ಎಫ್‌ಪಿಎಸ್ ಮಿತಿ ಇದ್ದರೆ ತೆಗೆಯಿರಿ. ಎಫ್‌ಎಸ್‌ಆರ್, ಎಕ್ಸ್‌ಇಎಸ್‌ಎಸ್ ಥರದ ಅಪ್‌ಸ್ಕೇಲಿಂಗ್ (ಚಿಕ್ಕ ಚಿತ್ರ ಬರೆದು ದೊಡ್ಡದು ಮಾಡುವುದು), ಫ್ರೇಮ್ ಜನರೇಷನ್ (ನಡುನಡುವೆ ಕೃತಕ ಚಿತ್ರ ಸೇರಿಸುವುದು) ಎಲ್ಲ ಆಫ್. ಇವುಗಳಲ್ಲಿ ಕೆಲವು ಪ್ರೀಸೆಟ್ ಬದಲಿಸಿದಾಗ ತಾವಾಗೇ ಆನ್ ಆಗಿಬಿಡುತ್ತವೆ, ಆಮೇಲೆ ಇನ್ನೊಮ್ಮೆ ನೋಡಿ. ಈ ಸಾದಾ ಸ್ಥಿತಿಯೇ ನಿಮ್ಮ ಅಳತೆಯ ಆಧಾರ.

ಮೊದಲ ಓಟವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹೊಸ ಗೇಮ್‌ಗಳು ಮೊದಲ ಸಲ ಶೇಡರ್‌ಗಳನ್ನು, ಅಂದರೆ ಚಿತ್ರ ಬರೆಯುವ ಚಿಕ್ಕ ಪ್ರೋಗ್ರಾಂಗಳನ್ನು, ನಿಮ್ಮ ಜಿಪಿಯುಗೆ ತಕ್ಕಂತೆ ಕಂಪೈಲ್ ಮಾಡುತ್ತವೆ. ಕೆಲವು ಶುರುವಿನಲ್ಲೇ ಮಾಡಿ ಮುಗಿಸುತ್ತವೆ, ಕೆಲವು ಆಡುತ್ತಿರುವಾಗಲೇ ಮಾಡುತ್ತವೆ. ನಾಲ್ಕು ಕೋರ್‌ನ ಹಳೇ ಸಿಪಿಯುನಲ್ಲಿ ಇದಕ್ಕೆ ಹೊತ್ತು ಹಿಡಿಯುತ್ತದೆ. ಆ ಹೊತ್ತಿನ ಜರ್ಕ್‌ಗಳು ಎರಡನೇ ಸಲ ಬಹುಪಾಲು ಇರುವುದಿಲ್ಲ.

ಎರಡನೇ ಓಟದಿಂದ ಬರೆದುಕೊಳ್ಳಿ. ಒಂದೇ ಸೆಟ್ಟಿಂಗ್‌ನಲ್ಲಿ ಮೂರು ಸಲ ಓಡಿಸಿ. ಮೂರೂ ಹತ್ತಿರ ಹತ್ತಿರ ಬಂದರೆ ಅಂಕಿ ನಂಬಬಹುದು. ಒಂದಕ್ಕೊಂದು ತಾಳೆಯಾಗದಿದ್ದರೆ ಹಿನ್ನೆಲೆಯಲ್ಲಿ ಏನೋ ನಡೆಯುತ್ತಿದೆ, ಇಲ್ಲವೇ ಯಂತ್ರ ಓಟದಿಂದ ಓಟಕ್ಕೆ ಬಿಸಿ ಏರಿಸಿಕೊಳ್ಳುತ್ತಿದೆ.

ಈಗ ಮುಖ್ಯ ಭಾಗ. ಗೇಮ್ ನಿಲ್ಲಿಸದೆ 20 ನಿಮಿಷ ಆಡಿ. ಆಡಿದ ಕೂಡಲೇ ಅದೇ ಸೇವ್, ಅದೇ ಒಂದು ನಿಮಿಷದ ನಡಿಗೆ ಮತ್ತೊಮ್ಮೆ ರೆಕಾರ್ಡ್ ಮಾಡಿ. ಪುಸ್ತಕದಲ್ಲಿ ಎರಡು ಸಾಲು ಹೀಗೆ ಬರಬಹುದು, ಇವು ಉದಾಹರಣೆಗೆ ಬರೆದ ಅಂಕಿಗಳು:

3ನೇ ನಿಮಿಷ: ಸರಾಸರಿ 46, 1% ಲೋ 36, ಜಿಪಿಯು 71 ಡಿಗ್ರಿ, ಕ್ಲಾಕ್ 1650 ಮೆಗಾಹರ್ಟ್ಸ್
23ನೇ ನಿಮಿಷ: ಸರಾಸರಿ 38, 1% ಲೋ 22, ಜಿಪಿಯು 86 ಡಿಗ್ರಿ, ಕ್ಲಾಕ್ 1350 ಮೆಗಾಹರ್ಟ್ಸ್

ನಿಮ್ಮ ಲ್ಯಾಪ್‌ಟಾಪ್‌ನ ನಿಜವಾದ ಅಂಕಿ ಎರಡನೇ ಸಾಲಿನದ್ದು. ಸಂಜೆ ಕೂತು ಎರಡು ಗಂಟೆ ಆಡುವಾಗ ನಿಮಗೆ ಸಿಗುವುದು ಅದೇ. ಮೊದಲ ಸಾಲು ಬೇಕಾಗುವುದು ಹೋಲಿಸಿ ನೋಡಲಿಕ್ಕೆ ಮಾತ್ರ.

ಹಂತ 6: ಎಲ್ಲಿ ಸಿಕ್ಕಿಹಾಕಿಕೊಂಡಿದೆ?

*ಜಿಪಿಯು.* ಜಿಪಿಯು ಬಳಕೆ ಸದಾ ಶೇ 97-99ರಲ್ಲಿದೆ, ಕ್ಲಾಕ್ ಇಳಿದಿಲ್ಲ, ಫ್ರೇಮ್‌ಟೈಮ್ ಗೆರೆ ಹೆಚ್ಚು ಕಡಿಮೆ ಚಪ್ಪಟೆ. ಅಂದರೆ ಕಾರ್ಡ್ ತನ್ನ ಕೈಲಾದಷ್ಟೂ ದುಡಿಯುತ್ತಿದೆ. ಇದು ಒಳ್ಳೆಯ ಸುದ್ದಿ. ಸೆಟ್ಟಿಂಗ್ ಇಳಿಸಿದರೆ ಖಂಡಿತ ಫಲ ಸಿಗುತ್ತದೆ.

*ಸಿಪಿಯು.* ಜಿಪಿಯು ಬಳಕೆ ಶೇ 60-80ರಲ್ಲಿ ಏರಿಳಿಯುತ್ತಿದೆ, ಎಫ್‌ಪಿಎಸ್ ಮಾತ್ರ ಏರುತ್ತಿಲ್ಲ. ಸಿಪಿಯು ಒಟ್ಟು ಬಳಕೆ ನೋಡಿ ಮೋಸ ಹೋಗಬೇಡಿ, ಒಂದೊಂದೇ ಕೋರ್ ನೋಡಿ. ಎಂಟು ಥ್ರೆಡ್ ಇರುವ ಸಿಪಿಯುನಲ್ಲಿ ಒಂದು ಥ್ರೆಡ್ ಪೂರ್ತಿ ತುಂಬಿ, ಉಳಿದವು ಆರಾಮಾಗಿದ್ದರೂ ಗೇಮ್‌ನ ವೇಗ ಅಲ್ಲಿಗೇ ನಿಲ್ಲುತ್ತದೆ. ಐ5-7300ಎಚ್‌ಕ್ಯೂ ಥರದ ನಾಲ್ಕು ಕೋರ್, ನಾಲ್ಕು ಥ್ರೆಡ್‌ನ ಸಿಪಿಯುಗಳಲ್ಲಿ ಈಗಿನ ಗೇಮ್‌ಗಳು ನಾಲ್ಕನ್ನೂ ತುಂಬಿಬಿಡುತ್ತವೆ. ಖಚಿತ ಮಾಡಿಕೊಳ್ಳಲು ರೆಸಲ್ಯೂಷನ್ ಅನ್ನು 1280×720ಕ್ಕೆ ಇಳಿಸಿ. 1080ರಲ್ಲಿ ಪ್ರತಿ ಚಿತ್ರಕ್ಕೆ ಸುಮಾರು 20.7 ಲಕ್ಷ ಪಿಕ್ಸೆಲ್, 720ರಲ್ಲಿ 9.2 ಲಕ್ಷ. ಜಿಪಿಯು ಕೆಲಸ ಅರ್ಧಕ್ಕಿಂತ ಕಡಿಮೆ ಆಯಿತು. ಆದರೂ ಎಫ್‌ಪಿಎಸ್ ಅಲ್ಲೇ ಇದ್ದರೆ ತಡೆಯುತ್ತಿರುವುದು ಸಿಪಿಯು. ಈ ಒಂದು ಪರೀಕ್ಷೆಗೆ ಎರಡು ನಿಮಿಷ ಸಾಕು, ಆದರೆ ಇದರಿಂದ ಉಳಿಯುವ ತಲೆನೋವು ದೊಡ್ಡದು.

*ವಿಡಿಯೊ ಮೆಮೊರಿ.* 4 ಜಿಬಿ ಕಾರ್ಡ್‌ನಲ್ಲಿ ಬಳಕೆ 3.8, 3.9 ಅಂತ ಅಂಟಿಕೊಂಡಿದೆ. ಟಾಸ್ಕ್ ಮ್ಯಾನೇಜರ್‌ನ ಜಿಪಿಯು ಪುಟದಲ್ಲಿ ಶೇರ್ಡ್ ಮೆಮೊರಿ ಏರುತ್ತಿದೆ. ಅಂದರೆ ಜಾಗ ಸಾಲದೆ ಟೆಕ್ಸ್ಚರ್‌ಗಳು (ವಸ್ತುಗಳ ಮೇಲ್ಮೈಯ ಚಿತ್ರಗಳು) ಮಾಮೂಲಿ ರ‍್ಯಾಮ್‌ಗೆ ಹರಿದಿವೆ. ಅಲ್ಲಿಂದ ತರುವುದು ತುಂಬ ನಿಧಾನ. ಕ್ಯಾಮೆರಾ ತಿರುಗಿಸಿದ ಕೂಡಲೇ ಜರ್ಕ್ ಹೊಡೆಯುವುದು, ಗೋಡೆಗಳು ಮಸುಕಾಗಿ ಬಂದು ಆಮೇಲೆ ಸ್ಪಷ್ಟವಾಗುವುದು ಇದರ ಗುರುತು. ಸರಾಸರಿ ಎಫ್‌ಪಿಎಸ್ ಹೆಚ್ಚು ಬೀಳುವುದಿಲ್ಲ, 1% ಲೋ ಮಾತ್ರ ಪಾತಾಳಕ್ಕೆ ಹೋಗುತ್ತದೆ.

*ಶಾಖ ಮತ್ತು ವಿದ್ಯುತ್.* ಮೇಲೆ ಬರೆದ ಎರಡು ಸಾಲುಗಳನ್ನು ನೋಡಿ. ಹೊರೆ ಒಂದೇ, ಕ್ಲಾಕ್ 300 ಮೆಗಾಹರ್ಟ್ಸ್ ಇಳಿದಿದೆ. ಇದು ಹಳೇ ಲ್ಯಾಪ್‌ಟಾಪ್‌ಗಳ ಸಾಮಾನ್ಯ ಕಾಯಿಲೆ. ಕಾರಣ ಖಚಿತಪಡಿಸಿಕೊಳ್ಳಲು ಜಿಪಿಯು-ಝಡ್ ಅನ್ನುವ ಸಾಧನ ತೆರೆದು ಪರ್ಫ್‌ಕ್ಯಾಪ್ ರೀಸನ್ ಸಾಲು ನೋಡಿ. ವೇಗಕ್ಕೆ ಮಿತಿ ಹಾಕಿದ್ದು ಶಾಖವೋ, ವಿದ್ಯುತ್ತೋ ಅಂತ ಅದೇ ಹೇಳುತ್ತದೆ. ಸಿಪಿಯು ಬದಿಯ ವಿಷಯ ಎಚ್‌ಡಬ್ಲ್ಯುಇನ್ಫೋ ಅನ್ನುವ ಸಾಧನದಲ್ಲಿ ಸಿಗುತ್ತದೆ. ಇಂಟೆಲ್ ಲ್ಯಾಪ್‌ಟಾಪ್ ಸಿಪಿಯುಗಳು ಸಾಮಾನ್ಯವಾಗಿ 100 ಡಿಗ್ರಿ ಮುಟ್ಟಿದಾಗ ವೇಗ ಇಳಿಸುತ್ತವೆ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸಿಪಿಯು, ಜಿಪಿಯು ಎರಡಕ್ಕೂ ಒಂದೇ ಹೀಟ್‌ಪೈಪ್ ಹಾದುಹೋಗಿರುತ್ತದೆ. ಸಿಪಿಯು ಕಾದರೆ ಅದರ ಬಿಸಿ ಜಿಪಿಯುಗೂ ತಟ್ಟುತ್ತದೆ.

ನಾಲ್ಕರಲ್ಲಿ ಒಂದೇ ಇರಬೇಕೆಂದಿಲ್ಲ. ಆದರೆ ಶಾಖದ ಸಮಸ್ಯೆ ಇದ್ದರೆ ಮೊದಲು ಅದನ್ನೇ ಸರಿ ಮಾಡಿ. ಅದು ಉಳಿದ ಅಂಕಿಗಳನ್ನೆಲ್ಲ ಕೆಡಿಸಿರುತ್ತದೆ.

ಹಂತ 7: ಒಂದೊಂದೇ ಬದಲಾವಣೆ, ಪ್ರತಿ ಸಲ ಮರುಪರೀಕ್ಷೆ

ಒಟ್ಟಿಗೆ ಐದು ಸೆಟ್ಟಿಂಗ್ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ತಿಳಿಯುವುದಿಲ್ಲ. ಒಂದು ಬದಲಿಸಿ, ಬಿಸಿ ಯಂತ್ರದಲ್ಲಿ ಓಡಿಸಿ, ಬರೆದಿಡಿ.

ಶಾಖಕ್ಕೆ ಮೊದಲ ಮದ್ದು ಶುಚಿ ಮಾಡುವುದು. ಕೆಳಗಿನ ಕವರ್ ತೆಗೆದು, ಬ್ಯಾಟರಿ ಕನೆಕ್ಟರ್ ಬಿಡಿಸಿ, ಫ್ಯಾನ್ ಮತ್ತು ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ನೋಡಿ. ಅಲ್ಲಿ ಧೂಳು ಬಟ್ಟೆಯ ಹಾಗೆ ಪದರಗಟ್ಟಿರುತ್ತದೆ. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಯ ರಭಸಕ್ಕೆ ಅತಿಯಾಗಿ ತಿರುಗಿದರೆ ಅದರ ಬೇರಿಂಗ್ ಹಾಳಾಗಬಹುದು. ಏಳೆಂಟು ವರ್ಷ ಪೇಸ್ಟ್ ಬದಲಿಸದಿದ್ದರೆ ಅದನ್ನೂ ಬದಲಿಸಿ. ಜೊತೆಗಿರುವ ಥರ್ಮಲ್ ಪ್ಯಾಡ್ ಹರಿದರೆ ಅಷ್ಟೇ ದಪ್ಪದ್ದು ಹಾಕಬೇಕು. ದಪ್ಪ ಜಾಸ್ತಿಯಾದರೆ ಹೀಟ್‌ಸಿಂಕ್ ಚಿಪ್ ಮೇಲೆ ಸರಿಯಾಗಿ ಕೂರುವುದಿಲ್ಲ. ಇದೆಲ್ಲ ಮಾಡಿ ಅಭ್ಯಾಸವಿಲ್ಲದವರು ರಿಪೇರಿಯವರಿಗೆ ಕೊಡುವುದೇ ಒಳ್ಳೆಯದು.

ಸ್ಕ್ರೂ ಬಿಚ್ಚದೆ ಮಾಡುವ ಉಪಾಯವೂ ಇದೆ. ಲ್ಯಾಪ್‌ಟಾಪ್‌ನ ಹಿಂಬದಿಯನ್ನು ಎರಡು ಮೂರು ಸೆಂಟಿಮೀಟರ್ ಎತ್ತಿಡಿ, ಕೆಳಗಿನಿಂದ ಗಾಳಿ ಸಲೀಸಾಗಿ ಬರುತ್ತದೆ. ಗೇಮ್‌ನಲ್ಲಿ ಸಿಕ್ಕಿಹಾಕಿಕೊಂಡಿರುವುದು ಜಿಪಿಯು ಆಗಿದ್ದರೆ, ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಟ್ಟವನ್ನು ಶೇ 99ಕ್ಕೆ ಇಳಿಸಿ. ಇದರಿಂದ ಸಿಪಿಯು ಟರ್ಬೊ ವೇಗಕ್ಕೆ ಹೋಗುವುದಿಲ್ಲ, ತಾಪಮಾನ ಚೆನ್ನಾಗಿ ಇಳಿಯುತ್ತದೆ, ಹೀಟ್‌ಪೈಪ್ ಜಿಪಿಯು ಪಾಲಿಗೆ ಸಿಗುತ್ತದೆ. ಸಿಪಿಯು ಸಮಸ್ಯೆ ಇರುವವರು ಇದನ್ನು ಮಾಡಬೇಡಿ, ಉಲ್ಟಾ ಆಗುತ್ತದೆ. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಜೊತೆ ಎಫ್ ಒತ್ತಿದರೆ ವೋಲ್ಟೇಜ್ ರೇಖೆ ತೆರೆಯುತ್ತದೆ. ಜಿಪಿಯುಗೆ ಅದೇ ಕ್ಲಾಕ್ ಅನ್ನು ಕಡಿಮೆ ವೋಲ್ಟೇಜ್‌ನಲ್ಲಿ ಕೊಡಲು ಅಲ್ಲಿ ಸಾಧ್ಯ. ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಇಳಿಸಿ, ಗೇಮ್ ಕ್ರ್ಯಾಶ್ ಆದರೆ ಒಂದು ಹೆಜ್ಜೆ ಹಿಂದೆ ಬನ್ನಿ. ಇಂಟೆಲ್ ಸಿಪಿಯುನಲ್ಲಿ ಇದೇ ಕೆಲಸ ಮಾಡುವುದನ್ನು ಅನೇಕ ಕಂಪನಿಗಳು 2019ರ ಪ್ಲಂಡರ್‌ವೋಲ್ಟ್ ಸುರಕ್ಷತಾ ದೋಷದ ನಂತರ ಬಯಾಸ್ ಅಪ್‌ಡೇಟ್ ಕೊಟ್ಟು ಮುಚ್ಚಿವೆ.

ವಿಡಿಯೊ ಮೆಮೊರಿ ತುಂಬಿದ್ದರೆ ಟೆಕ್ಸ್ಚರ್ ಗುಣಮಟ್ಟ ಒಂದನ್ನೇ ಇಳಿಸಿ ನೋಡಿ. ಬಹುತೇಕ ಬೇರೇನೂ ಬೇಕಾಗುವುದಿಲ್ಲ. ಇದಕ್ಕೆ ವಿರುದ್ಧವಾಗಿ, 6 ಜಿಬಿ ಇದ್ದು ಮೆಮೊರಿ ಖಾಲಿ ಇದ್ದರೆ ಟೆಕ್ಸ್ಚರ್ ಇಳಿಸುವುದರಿಂದ ಚಿತ್ರ ಕೆಡುತ್ತದೆ, ಎಫ್‌ಪಿಎಸ್ ಅಷ್ಟೇನೂ ಏರುವುದಿಲ್ಲ.

ಸಿಪಿಯು ತಡೆಯುತ್ತಿದ್ದರೆ ಜನಸಂದಣಿ, ದೂರದ ವಸ್ತುಗಳ ವಿವರ, ಇವನ್ನು ಕಡಿಮೆ ಮಾಡಿ. ಒಂದೇ ಸ್ಟಿಕ್ ರ‍್ಯಾಮ್ ಅಂತ ಬರೆದಿಟ್ಟುಕೊಂಡಿದ್ದಿರಿ ಅಲ್ವಾ? ಎರಡನೇ ಸ್ಟಿಕ್ ಹಾಕಿದರೆ ಡ್ಯುಯಲ್ ಚಾನೆಲ್ ಆಗುತ್ತದೆ, ಅಂದರೆ ಎರಡೂ ಸ್ಟಿಕ್‌ಗಳಿಂದ ಒಟ್ಟಿಗೇ ಡೇಟಾ ಓಡಾಡುತ್ತದೆ. ಹಳೇ ಲ್ಯಾಪ್‌ಟಾಪ್‌ಗೆ ದುಡ್ಡು ಹಾಕುವುದಾದರೆ ಮೊದಲು ಇಲ್ಲಿಗೇ ಹಾಕಿ ಅನ್ನುತ್ತೇನೆ. 1% ಲೋ ಮೇಲೆ ಇದರ ಪರಿಣಾಮ ಎದ್ದು ಕಾಣುತ್ತದೆ. ಬೇರೆ ಜಿಪಿಯು ಇಲ್ಲದೆ ಸಿಪಿಯು ಒಳಗಿನ ಗ್ರಾಫಿಕ್ಸ್ ಮೇಲೇ ಆಡುವವರಿಗಂತೂ ಲಾಭ ಇನ್ನೂ ದೊಡ್ಡದು, ಯಾಕೆಂದರೆ ಅವರ ವಿಡಿಯೊ ಮೆಮೊರಿಯೂ ಅದೇ ರ‍್ಯಾಮ್.

ಜಿಪಿಯುವೇ ಸಾಲದಿದ್ದರೆ ನೆರಳು, ಮಂಜು-ಹೊಗೆಯ ಗುಣಮಟ್ಟ, ನೀರಿನ ಪ್ರತಿಬಿಂಬ, ಈ ಕ್ರಮದಲ್ಲಿ ಇಳಿಸಿ. ಆಮೇಲೆ ಅಪ್‌ಸ್ಕೇಲಿಂಗ್. ಎನ್‌ವಿಡಿಯಾದ ಅಪ್‌ಸ್ಕೇಲಿಂಗ್ ಆದ ಡಿಎಲ್‌ಎಸ್‌ಎಸ್‌ಗೆ ಆರ್‌ಟಿಎಕ್ಸ್ ಕಾರ್ಡ್ ಬೇಕು, ಎಫ್‌ಎಸ್‌ಆರ್ 2 ಹಳೇ ಜಿಟಿಎಕ್ಸ್‌ನಲ್ಲೂ ನಡೆಯುತ್ತದೆ. 1080ರಲ್ಲಿ ಎಫ್‌ಎಸ್‌ಆರ್ ಕ್ವಾಲಿಟಿ ಅಂದರೆ ಒಳಗೆ 1280×720ರಲ್ಲಿ ಚಿತ್ರ ಬರೆದು ದೊಡ್ಡದು ಮಾಡುವುದು. ಪರ್ಫಾರ್ಮೆನ್ಸ್ ಅಂದರೆ 960×540. ಅದರ ಕೆಳಗೆ ಹೋದರೆ ಎಲೆ, ಕೂದಲು, ತಂತಿ ಬೇಲಿಗಳು ಮಿನುಗತೊಡಗುತ್ತವೆ. 15 ಇಂಚಿನ ಪರದೆಗೆ ಕ್ವಾಲಿಟಿ ಚೆನ್ನಾಗಿಯೇ ಇರುತ್ತದೆ.

ಎಫ್‌ಎಸ್‌ಆರ್ 3ರ ಫ್ರೇಮ್ ಜನರೇಷನ್ ಬಗ್ಗೆ ಎಚ್ಚರ. 28 ಎಫ್‌ಪಿಎಸ್ ಅನ್ನು ಅದು 50 ಮಾಡಿ ತೋರಿಸಬಹುದು. ಆದರೆ ಕೈಯಲ್ಲಿ ಮೌಸ್ ಅಲ್ಲಾಡಿಸಿದ್ದಕ್ಕೆ ಉತ್ತರ ಬರುವುದು 28ರ ವೇಗದಲ್ಲೇ, ಇನ್ನೂ ಸ್ವಲ್ಪ ತಡವಾಗಿ. ಹೆಚ್ಚುವರಿ ವಿಡಿಯೊ ಮೆಮೊರಿಯನ್ನೂ ತಿನ್ನುತ್ತದೆ. ಮೂಲದಲ್ಲೇ 60ರ ಹತ್ತಿರ ಬರುವವರಿಗೆ ಅದು ಸರಿ.

ಇಷ್ಟೆಲ್ಲ ಆದ ಮೇಲೆ ಬಿಸಿ ಯಂತ್ರದಲ್ಲಿ 1% ಲೋ 30ರ ಮೇಲಿದ್ದರೆ ಕಥೆ ಪ್ರಧಾನವಾದ ಗೇಮ್‌ಗಳನ್ನು ನೆಮ್ಮದಿಯಾಗಿ ಆಡಬಹುದು. ಸರಾಸರಿ 38, ಲೋ 31 ಹೀಗಿದ್ದರೆ ರಿವಾಟ್ಯೂನರ್‌ನಲ್ಲಿ 30ಕ್ಕೆ ಮಿತಿ ಹಾಕಿ. ಗೆರೆ ಚಪ್ಪಟೆಯಾಗುತ್ತದೆ, ಜಿಪಿಯುಗೆ ಉಸಿರಾಡಲು ಜಾಗ ಸಿಗುತ್ತದೆ, ಫ್ಯಾನ್ ಸದ್ದೂ ಇಳಿಯುತ್ತದೆ. ಪೈಪೋಟಿಯ ಶೂಟಿಂಗ್ ಗೇಮ್‌ಗಳಿಗೆ ಇದು ಸಾಲದು, ಅಲ್ಲಿ 60 ಬೇಕು.

ಕೊಳ್ಳುವ ಮುನ್ನ

ಉಚಿತ ಬೆಂಚ್‌ಮಾರ್ಕ್ ಇಲ್ಲದ ಗೇಮ್ ಆದರೆ ಸ್ಟೀಮ್‌ನ ವಾಪಸಾತಿ ನಿಯಮ ಉಪಯೋಗಕ್ಕೆ ಬರುತ್ತದೆ. ಕೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇದ್ದರೆ ಹಣ ವಾಪಸ್ ಕೇಳಬಹುದು. ಶೇಡರ್ ಕಂಪೈಲ್ ಆಗುವವರೆಗೆ ಗೇಮ್ ತೆರೆದು ಕಾಯುವ ಹೊತ್ತೂ ಆ ಎರಡು ಗಂಟೆಯಲ್ಲೇ ಸೇರುತ್ತದೆ. ಹಾಗಾಗಿ ಆಫ್ಟರ್‌ಬರ್ನರ್ ಮೊದಲೇ ಹೊಂದಿಸಿಟ್ಟುಕೊಳ್ಳಿ, ಗೇಮ್ ತೆರೆದ ಕೂಡಲೇ ಪ್ರೀಸೆಟ್ ಮೀಡಿಯಂಗೆ ಹಾಕಿ, ಶುರುವಿನ ಕಿರುಚಿತ್ರಗಳನ್ನು ದಾಟಿಸಿ ನೇರ ಆಟಕ್ಕೆ ಬನ್ನಿ. ಮೊದಲ 10 ನಿಮಿಷದಲ್ಲಿ 720ರ ಪರೀಕ್ಷೆ, ಆಮೇಲೆ 20 ನಿಮಿಷದ ಬಿಸಿ ಪರೀಕ್ಷೆ. ಇಷ್ಟಾದ ಮೇಲೂ ಒಂದು ಗಂಟೆಯ ಮೇಲೆ ಸಮಯ ಕೈಯಲ್ಲಿರುತ್ತದೆ. ಆ ಹೊತ್ತಿನಲ್ಲಿ ಸೆಟ್ಟಿಂಗ್ ಒಂದೊಂದಾಗಿ ಇಳಿಸಿ ನೋಡಿ. 1% ಲೋ 30 ಮುಟ್ಟದಿದ್ದರೆ ಎರಡು ಗಂಟೆ ದಾಟುವ ಮೊದಲೇ ಗೇಮ್ ಮುಚ್ಚಿ, ವಾಪಸಾತಿಗೆ ಅರ್ಜಿ ಹಾಕಿ.